ಬ್ಯೂರೋದಿಂದ ಬಂದವರು ನರ್ಸೋ, ಅಟೆಂಡೆಂಟೋ?

ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದರೆ ಮುಂಬಯಿಯಲ್ಲಿ ಮೊದಲು ಫೋನು ಹೋಗುವುದು ಬ್ಯೂರೋಗೆ, ಅಂದರೆ ಮನೆಗೆ ನರ್ಸ್, ಅಟೆಂಡೆಂಟರನ್ನು ಕಳಿಸುವ ಏಜೆನ್ಸಿಗೆ. ಹನ್ನೆರಡು ತಾಸಿನ ಡ್ಯೂಟಿಗೆ ಇಷ್ಟು, ಇಪ್ಪತ್ನಾಲ್ಕು ತಾಸಿಗೆ ಇಷ್ಟು ಎಂದು ದರ ಕುದುರಿದರೆ ಮರುದಿನ ಬೆಳಿಗ್ಗೆ ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು ಬಾಗಿಲಿಗೆ ಬರುತ್ತಾಳೆ. ಎಲ್ಲರೂ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಾರೆ. ಏನು ಓದಿದ್ದಾಳೆ, ಯಾವ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರಿದೆ ಎಂದು ಕೇಳುವವರು ತೀರಾ ಕಡಿಮೆ. ರೋಗಿಗಳು ಡಿಸ್ಚಾರ್ಜ್ ಆಗುವಾಗ ಮನೆಯವರಿಗೆ ಆರೈಕೆ ಹೇಳಿಕೊಡುವುದು ನನ್ನ ಕೆಲಸ. ಡೊಂಬಿವಲಿ, ಭಾಂಡುಪ್, ಮುಲುಂಡ್ ಕಡೆಯ ನಮ್ಮ ಕನ್ನಡದ ಮನೆಗಳಿಗೆ ನಾನು ಪ್ರತಿ ಸಲವೂ ಹೇಳುವುದು ಒಂದೇ: ಸೂಜಿ ಹಿಡಿಯುವವರಿಗೆ ರಿಜಿಸ್ಟ್ರೇಷನ್ ನಂಬರ್ ಇರಲೇಬೇಕು.

ಪಿಯುಸಿ ಆದ ಮೇಲೆ ಎರಡು ವರ್ಷ ಓದಿದರೆ ಎಎನ್ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್), ಮೂರು ವರ್ಷಕ್ಕೆ ಜಿಎನ್ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ), ನಾಲ್ಕು ವರ್ಷಕ್ಕೆ ಬಿಎಸ್ಸಿ ನರ್ಸಿಂಗ್. ಇವರೆಲ್ಲರೂ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡ ಮೇಲೆಯೇ ನರ್ಸ್ ಆಗಿ ಕೆಲಸ ಮಾಡಬಹುದು. ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಎಂಬ ದರ್ಜೆಯಿದೆ. ಸುಮಾರು ಒಂದು ವರ್ಷದ ತರಬೇತಿ, ಆಮೇಲೆ ಲೈಸೆನ್ಸ್ ಪರೀಕ್ಷೆ, ಕೆಲಸವೆಲ್ಲ ರಿಜಿಸ್ಟರ್ಡ್ ನರ್ಸ್ ಅಥವಾ ವೈದ್ಯರ ಉಸ್ತುವಾರಿಯಲ್ಲಿ. ನಮ್ಮ ಎಎನ್ಎಂ ಅದಕ್ಕೆ ಸಮ, ಅಲ್ಲಿಗೆ ಕಳಿಸುತ್ತೇವೆ ಎಂದು ಕೆಲವು ಏಜೆಂಟರು ಹೇಳಿ ದುಡ್ಡು ಕೇಳುತ್ತಾರೆ. ನಂಬಬೇಡಿ. ಎಎನ್ಎಂ ಓದಿನ ಒತ್ತು ಗರ್ಭಿಣಿಯರು, ಬಾಣಂತಿಯರು, ಮಕ್ಕಳ ಲಸಿಕೆಯ ಮೇಲೆ. ಸಮವೋ ಅಲ್ಲವೋ ಎಂದು ತೀರ್ಮಾನಿಸುವುದು ಅಲ್ಲಿನ ನರ್ಸಿಂಗ್ ಬೋರ್ಡ್, ಏಜೆಂಟರಲ್ಲ.

ಬ್ಯೂರೋದವರು ಕಳಿಸುವವರಲ್ಲಿ ಅನೇಕರು ಈ ಮೂರರಲ್ಲಿ ಯಾವುದನ್ನೂ ಓದಿದವರಲ್ಲ. ಕೆಲವೇ ತಿಂಗಳ ಕೋರ್ಸ್ ಮಾಡಿದ ಅಟೆಂಡೆಂಟರು, ಇಲ್ಲವೇ ಆಸ್ಪತ್ರೆಯಲ್ಲಿ ಆಯಾ ಆಗಿ ನೋಡಿ ಕಲಿತವರು. ಅವರ ಕೆಲಸ ಸಣ್ಣದಲ್ಲ. ಮೈ ಒರೆಸುವುದು, ಡಯಾಪರ್ ಬದಲಿಸುವುದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಬೆಡ್‌ಸೋರ್ (ಮಲಗಿದಲ್ಲೇ ಆಗುವ ಹುಣ್ಣು) ಆಗದಂತೆ ಕಾಯುವುದು: ಇದನ್ನು ಅಕ್ಕರೆಯಿಂದ ಮಾಡುವವರಿದ್ದರೆ ರೋಗಿಯ ಅರ್ಧ ಕಷ್ಟ ಕಳೆದಂತೆ. ಅಂಥವರ ಕೈಗೇ ನಾವು ಇಂಜೆಕ್ಷನ್ ಕೊಟ್ಟುಬಿಡುತ್ತೇವೆ. ಅಪಾಯ ಇರುವುದು ಅಲ್ಲಿ.

ಇನ್ಸುಲಿನ್ ವಿಷಯವನ್ನೇ ನೋಡಿ. ನಮ್ಮಲ್ಲಿ ಎರಡು ಬಗೆಯ ಬಾಟಲಿಗಳು ಸಿಗುತ್ತವೆ. ಒಂದರಲ್ಲಿ ಪ್ರತಿ ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಬೇರೆ ಬೇರೆ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು ಅರ್ಧ ಎಂಎಲ್. ಅಂದರೆ 20 ಯೂನಿಟ್ ಹೋಗಬೇಕಾದಲ್ಲಿ 50 ಯೂನಿಟ್! ಸಕ್ಕರೆ ಕುಸಿದು ಬೆವರಿ, ತೊದಲಿ, ಪ್ರಜ್ಞೆ ತಪ್ಪುವುದಕ್ಕೆ ಇಷ್ಟು ಸಾಕು. ರಾತ್ರಿ ಕೊಟ್ಟಿದ್ದರೆ ಮನೆಯವರು ‘ನಿದ್ದೆ ಹತ್ತಿದೆ’ ಎಂದುಕೊಂಡು ಸುಮ್ಮನಿರುತ್ತಾರೆ. ಬಾಟಲಿಯ ಲೇಬಲ್ಲನ್ನೂ ಸಿರಿಂಜನ್ನೂ ಹೊಂದಿಸಿ ನೋಡಬೇಕು, ಗ್ಲುಕೋಮೀಟರಿನ ಅಂಕಿ ಕಡಿಮೆಯಿದ್ದರೆ ಕೊಡದೆ ಡಾಕ್ಟರಿಗೆ ಫೋನ್ ಮಾಡಬೇಕು. ಇದನ್ನು ಕಲಿಸಿ, ಪರೀಕ್ಷೆ ಮಾಡಿ, ಆಮೇಲೆ ಕೊಡುವುದು ಆ ರಿಜಿಸ್ಟ್ರೇಷನ್ ನಂಬರ್.

ಮೂಗಿನಿಂದ ಹೊಟ್ಟೆಗೆ ಇಳಿಸಿ ಆಹಾರ ಕೊಡುವ ರೈಲ್ಸ್ ಟ್ಯೂಬಿನ ಮಾತೂ ಹಾಗೇ. ನಳಿಗೆ ಹೊಟ್ಟೆಯಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳದೆ, ತಲೆಯ ಕಡೆ ಎತ್ತರಿಸದೆ ಗಂಜಿ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮೂತ್ರಕ್ಕೆ ಕ್ಯಾಥೆಟರ್ ನಳಿಗೆ ಹಾಕುವುದು, ಕಫ ಹೀರಿ ತೆಗೆಯಲು ಸಕ್ಷನ್ ಮಾಡುವುದು, ಸಲೈನ್ ಏರಿಸುವುದು ಅಟೆಂಡೆಂಟರ ಕೆಲಸವೇ ಅಲ್ಲ.

ಇನ್ನು ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಎಎನ್ಎಂ, ಜಿಎನ್ಎಂ ಮುಗಿಸಿ ಇಲ್ಲಿಗೆ ಬರುವ ನಮ್ಮ ಹುಡುಗಿಯರ ವಿಷಯ. ಕರ್ನಾಟಕ ಕೌನ್ಸಿಲ್‌ನ ನೋಂದಣಿ ಇದ್ದರೆ ಸಾಕು ಎಂದುಕೊಂಡಿರುತ್ತಾರೆ. ಸಾಲದು. ಇಲ್ಲಿ ನಡೆಯುವುದು 1966ರ ಮಹಾರಾಷ್ಟ್ರ ನರ್ಸಸ್ ಕಾಯ್ದೆ. ಬೆಂಗಳೂರಿನ ಕೌನ್ಸಿಲ್‌ನಿಂದ ಎನ್ಒಸಿ (ನಿರಾಕ್ಷೇಪಣಾ ಪತ್ರ) ತಂದು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಊರಲ್ಲಿರುವಾಗಲೇ ಎನ್ಒಸಿಗೆ ಅರ್ಜಿ ಹಾಕಿ ಬಂದರೆ ಎಷ್ಟೋ ಅಲೆದಾಟ ತಪ್ಪುತ್ತದೆ. ನವೀಕರಣಕ್ಕೆ ತರಬೇತಿಯ ತಾಸುಗಳನ್ನು ಲೆಕ್ಕ ಹಿಡಿಯುವುದರಿಂದ ಹಾಜರಾದ ಪ್ರತಿ ವರ್ಕ್‌ಶಾಪಿನ ಸರ್ಟಿಫಿಕೇಟನ್ನೂ ಕಾಪಾಡಿಕೊಳ್ಳಿ.

ಒರಿಜಿನಲ್ ಸರ್ಟಿಫಿಕೇಟುಗಳನ್ನು ಮಾತ್ರ ಯಾರಿಗೂ ಇಟ್ಟುಕೊಳ್ಳಲು ಕೊಡಬೇಡಿ. ‘ಫೈಲಿಗೆ ಬೇಕು’ ಎಂದು ಇಸಿದುಕೊಂಡು, ಕೆಲಸ ಬಿಡುತ್ತೇನೆ ಎಂದಾಗ ಸತಾಯಿಸುವವರನ್ನು ನಾನು ಕಂಡಿದ್ದೇನೆ. ತೋರಿಸಿ, ಜೆರಾಕ್ಸ್ ಕೊಟ್ಟು, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ.

ಮನೆಯವರಿಗೂ ಒಂದು ಮಾತಿದೆ. ‘ಅಕ್ಕಾ, ನಂಬರ್ ಕೇಳಿದರೆ ಆ ಹುಡುಗಿಗೆ ಬೇಜಾರಾಗೋದಿಲ್ವಾ?’ ಎಂದು ಹಲವರು ಸಂಕೋಚಪಡುತ್ತಾರೆ. ಕಷ್ಟಪಟ್ಟು ಓದಿದವಳು ಹೆಮ್ಮೆಯಿಂದಲೇ ಕಾರ್ಡ್ ತೋರಿಸುತ್ತಾಳೆ. ಅವಳು ತೋರಿಸುವುದು ಕರ್ನಾಟಕದ ಕಾರ್ಡ್ ಮಾತ್ರ ಆಗಿದ್ದರೆ ಇಲ್ಲಿನ ನೋಂದಣಿಗೆ ಓಡಾಡಲು ಸಂಬಳ ಹಿಡಿಯದೆ ರಜೆ ಕೊಡಿ. ನೋಂದಣಿ ಆಗುವವರೆಗೆ ಇಂಜೆಕ್ಷನ್‌ಗೆ ಮಾತ್ರ ಇಲ್ಲಿನ ನಂಬರ್ ಇರುವ ನರ್ಸ್ ಬಂದುಹೋಗುವಂತೆ ಬ್ಯೂರೋದವರಿಗೆ ಹೇಳಿ.