ಪದ ಪರಿಚಯ: ಗೃಹೀತ

ಗೃಹೀತ ಅಂದರೆ ಹಿಡಿದುಕೊಂಡದ್ದು. 'ನೀನು ಬಂದೇ ಬರ್ತೀಯ ಅಂತ ಗೃಹೀತ ಹಿಡಿದು ನಿನಗೂ ಅಕ್ಕಿ ಹಾಕಿದ್ದೆ' ಎಂದು ಅಮ್ಮ ಹೇಳಿದರೆ, ತಾನು ಏನನ್ನು ಹಿಡಿದುಕೊಂಡಿದ್ದೆ ಅಂತ ಅವಳಿಗೆ ಗೊತ್ತಿದೆ. ಸಾಂಸ್ಕೃತಿಕ ಗೃಹೀತ ಹಾಗಲ್ಲ. ಹುಟ್ಟಿದ ಮನೆ, ಊರು, ಜಾತಿ, ಭಾಷೆ ಅದನ್ನು ನಮ್ಮ ಕೈಯಲ್ಲಿ ಇಟ್ಟಿರುತ್ತವೆ. ಹಿಡಿದಿದ್ದೇವೆ ಅನ್ನುವುದೇ ನಮಗೆ ತಿಳಿಯುವುದಿಲ್ಲ.

ಪೂರ್ವಗ್ರಹ ಬೇರೆ. ಅದು ಇನ್ನೊಬ್ಬರ ಬಗ್ಗೆ ಮೊದಲೇ ಕಟ್ಟಿಕೊಂಡ ಅಭಿಪ್ರಾಯ. ಗೃಹೀತಕ್ಕೆ ಇನ್ನೊಬ್ಬರು ಬೇಕಿಲ್ಲ. ಲೋಕ ಇರುವುದೇ ಹೀಗೆ ಅಂತ ಸುಮ್ನೆ ನಂಬಿರುತ್ತೇವೆ, ಅಷ್ಟೇ.

ನನಗೆ ಇದು ಅರ್ಥವಾದದ್ದು ಎಂ.ಎ. ಓದುವಾಗ, ಹಾಸ್ಟೆಲಿನ ಊಟದ ಮನೆಯಲ್ಲಿ. ಅಕ್ಕನ ಮದುವೆ ಗೊತ್ತಾಗಿತ್ತು. ಹುಡುಗ ನಮ್ಮ ಅತ್ತೆಯ ಮಗ. ಖುಷಿಯಿಂದ ಉತ್ತರ ಪ್ರದೇಶದ ಗೆಳೆಯನಿಗೆ ಹೇಳಿದೆ. ಅವನ ಕೈಯಲ್ಲಿದ್ದ ಚಪಾತಿ ತುಂಡು ಪಲ್ಯದ ಬಟ್ಟಲಿನ ಮೇಲೆ ಹಾಗೇ ನಿಂತಿತು. ಅಪ್ಪನ ಸ್ವಂತ ತಂಗಿಯ ಮಗನಾ ಅಂತ ಎರಡು ಸಲ ಕೇಳಿದ. ಅವನ ಲೆಕ್ಕದಲ್ಲಿ ಅವರಿಬ್ಬರೂ ಅಕ್ಕ ತಮ್ಮನಂತೆ. ನನಗೆ ಸಿಟ್ಟು ಬಂತು.

ರಾತ್ರಿ ಮಲಗಿದಾಗ ಹೊಳೆಯಿತು. ಕನ್ನಡದಲ್ಲಿ ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಮ್ಮನ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ಆ ಮದುವೆ ನಮ್ಮ ಮಾತಿನೊಳಗೇ ಕೂತಿದೆ! ಅವನ ಹಿಂದಿಯಲ್ಲಿ ಬುವಾ ಬೇರೆ, ಸಾಸ್ ಬೇರೆ. ಚಿಕ್ಕಪ್ಪನ ಮಗಳನ್ನು ಮದುವೆಯಾಗುತ್ತೇನೆ ಅಂತ ಯಾರಾದರೂ ಅಂದಿದ್ದರೆ ನನ್ನ ಕೈಯೂ ಹಾಗೇ ನಿಲ್ಲುತ್ತಿತ್ತು. ಆದರೆ ಎಷ್ಟೋ ಮುಸ್ಲಿಂ ಮನೆಗಳಲ್ಲಿ ಅದೂ ನಡೆಯುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಹತ್ತಿರದ ಕೆಲವು ಸಂಬಂಧಗಳಲ್ಲಿ ಮದುವೆ ಬೇಡ ಅನ್ನುತ್ತಲೇ, ಎರಡೂ ಕಡೆಯ ರೂಢಿ ಒಪ್ಪಿದರೆ ಆಗಬಹುದು ಅಂತ ದಾರಿ ಬಿಟ್ಟಿದೆ.

ಕಲಿತವರೂ ಇದಕ್ಕೆ ಹೊರತಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ಲಾರಾ ಬೊಹಾನನ್ ಪಶ್ಚಿಮ ಆಫ್ರಿಕಾದ ಟಿವ್ ಜನರ ನಡುವೆ ಇದ್ದರು. ಮನುಷ್ಯ ಸ್ವಭಾವ ಎಲ್ಲೆಡೆಯೂ ಒಂದೇ, ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಕಥೆ ಯಾರಿಗೆ ಹೇಳಿದರೂ ಅರ್ಥವಾಗುತ್ತದೆ ಅಂತ ಅವರು ನಂಬಿದ್ದರು. ಒಂದು ದಿನ ಊರ ಹಿರಿಯರಿಗೆ ಹೇಳಿಯೇಬಿಟ್ಟರು. ರಾಜ ಸತ್ತ ಸ್ವಲ್ಪ ದಿನಕ್ಕೇ ಅವನ ತಮ್ಮ ರಾಣಿಯನ್ನು ಮದುವೆಯಾದ ಅಂದಾಗ ಹಿರಿಯರು, ಒಳ್ಳೇ ಕೆಲಸ ಮಾಡಿದ ಅಂದರು. ಅವರಲ್ಲಿ ಅಣ್ಣನ ಹೆಂಡತಿ ಮಕ್ಕಳನ್ನು ತಮ್ಮ ನೋಡಿಕೊಳ್ಳಬೇಕು. ಆ ಅಣ್ಣತಮ್ಮಂದಿರು ಒಂದೇ ತಾಯಿಯ ಮಕ್ಕಳಾ ಅಂತ ಅವರು ಕೇಳಿದರು. ಹೇಳುವವರ ಹತ್ತಿರ ಉತ್ತರವಿರಲಿಲ್ಲ. ಸತ್ತ ರಾಜನ ದೆವ್ವದ ಮಾತು ಬಂದಾಗ, ಸತ್ತವರು ನಡೆಯುವುದಿಲ್ಲ, ಅದು ಮಾಟಗಾರರು ಕಳಿಸಿದ ಶಕುನ ಅಂತ ತಿದ್ದಿದರು. ಬೊಹಾನನ್ ಇದನ್ನು ಬರೆದು 1966ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾಲಯಕ್ಕೆ ಕಾಲಿಡುವ ಎಲ್ಲರೂ ಆ ಬರಹ ಓದಬೇಕು ಅನ್ನುವುದು ನನ್ನ ಆಸೆ.

ನಮ್ಮ ಗೃಹೀತ ನಮಗೆ ಕಾಣುವುದು ಇನ್ನೊಬ್ಬರು ಬೆಚ್ಚಿಬಿದ್ದಾಗ, ಅಲ್ವಾ? ಬರವಣಿಗೆಯಲ್ಲಿ ಮಾತ್ರ ಅದು ಕೆಲವು ಪದಗಳ ಹಿಂದೆ ಅಡಗಿರುತ್ತದೆ: ಸಹಜವಾಗಿ, ಎಲ್ಲರಿಗೂ ಗೊತ್ತಿರುವಂತೆ, ಸಾಮಾನ್ಯ ಕುಟುಂಬ. ನನ್ನ ಮೊದಲ ಅಸೈನ್‌ಮೆಂಟಿನಲ್ಲಿ 'ಆಸ್ತಿ ಸಹಜವಾಗಿಯೇ ತಂದೆಯಿಂದ ಮಗನಿಗೆ ಬರುತ್ತದೆ' ಅಂತ ಬರೆದಿದ್ದೆ. ಮೇಡಂ 'ಸಹಜವಾಗಿಯೇ' ಅನ್ನುವುದರ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ಯಾರಿಗೆ?' ಅಂತ ಬರೆದಿದ್ದರು. ಪಕ್ಕದ ಬೆಂಚಿನ ಉಡುಪಿಯ ಹುಡುಗಿ ಅದನ್ನು ನೋಡಿ, ನಮ್ಮ ಕಡೆ ಅಳಿಯಸಂತಾನ ಕಣೋ, ಆಸ್ತಿ ತಾಯಿಯ ಕಡೆಯಿಂದ, ಮಾವನಿಂದ ಅವನ ತಂಗಿಯ ಮಕ್ಕಳಿಗೆ ಬರ್ತಿತ್ತು ಅಂದಳು.

ಆ ಸಾಲು ಹೊಡೆದು ಹಾಕಿ, 'ನಮ್ಮ ಮನೆಯಲ್ಲಿ' ಅಂತ ಶುರುಮಾಡಿ ಮತ್ತೆ ಬರೆದೆ.