ಲೆಕ್ಕ ಕನ್ಸೋಲಿನದು, ಚಿತ್ರ ಟಿವಿಯದು

ನನ್ನ ಬಳಿ ಎರಡು ಗೇಮ್ ಕನ್ಸೋಲ್‌ಗಳಿದ್ದವು. ಎರಡನ್ನೂ ಒಂದೇ ಟಿವಿಗೆ ಜೋಡಿಸಿದ್ದೆ. ಮೊದಲನೆಯದರಲ್ಲಿ ಗುಹೆಯ ಕತ್ತಲು ಕತ್ತಲಾಗಿಯೇ ಕಾಣುತ್ತಿತ್ತು. ಎರಡನೆಯದರಲ್ಲಿ ಅದೇ ಆಟ, ಅದೇ ಗುಹೆ, ಆದರೆ ಕತ್ತಲಿಗೆ ಹಾಲು ಬೆರೆಸಿದ ಹಾಗೆ ಎಲ್ಲಾ ಬೂದು ಬೂದು. ಎರಡನೆಯದು ಕಳಪೆ ಅಂತ ತೀರ್ಮಾನಿಸಿಬಿಟ್ಟೆ. ಗೆಳೆಯರ ಹತ್ತಿರವೂ ಹಾಗೇ ಹೇಳಿಕೊಂಡು ತಿರುಗಿದೆ. ಒಂದು ದಿನ ಧೂಳು ಒರೆಸಲು ಕೇಬಲ್ ಬಿಚ್ಚಿದವನು, ವಾಪಸ್ ಹಾಕುವಾಗ ಅದಲು ಬದಲು ಮಾಡಿದೆ. ನೋಡಿದರೆ, ಬೂದು ಬಣ್ಣ ಮೊದಲನೇ ಕನ್ಸೋಲಿಗೆ ಹೋಗಿ ಕೂತಿತ್ತು!

ಬಹಳಷ್ಟು ಟಿವಿಗಳು ಪ್ರತಿ ಎಚ್‌ಡಿಎಂಐ ಪೋರ್ಟಿಗೂ, ಅಂದರೆ ಕೇಬಲ್ ಸಿಕ್ಕಿಸುವ ಕಿಂಡಿಗೂ, ಬೇರೆ ಬೇರೆ ಸೆಟ್ಟಿಂಗ್ಸ್ ಇಟ್ಟುಕೊಳ್ಳುತ್ತವೆ. ಬಣ್ಣ, ಬೆಳಕು, ಚಿತ್ರ ತಡವಾಗದಂತೆ ನೋಡಿಕೊಳ್ಳುವ ಗೇಮ್ ಮೋಡ್ ಎಲ್ಲವೂ ಪೋರ್ಟಿನ ಲೆಕ್ಕದಲ್ಲಿ. ಹಾಗಾಗಿ "ಒಂದೇ ಟಿವಿಯಲ್ಲಿ ಹಾಕಿ ನೋಡಿದ್ದೀನಿ" ಅನ್ನುವ ಮಾತಿಗೂ ಪೂರ್ತಿ ಬೆಲೆ ಇಲ್ಲ. ಕನ್ಸೋಲ್ ಕಳಿಸುವುದು ಬರೀ ಸಂಖ್ಯೆಗಳನ್ನು. ಸಾಮಾನ್ಯವಾಗಿ ಒಂದು ಬಣ್ಣದ ಬೆಳಕಿಗೆ 0ರಿಂದ 255ರವರೆಗೆ ಲೆಕ್ಕ. ಆದರೆ ಟಿವಿ ಲೋಕದ ಹಳೇ ರೂಢಿಯಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕನ್ಸೋಲ್ 16ನ್ನು ಕಪ್ಪು ಅಂತ ಕಳಿಸುತ್ತದೆ, ಟಿವಿ 0ಯನ್ನು ಕಪ್ಪು ಅಂತ ನಂಬಿದೆ ಅಂದುಕೊಳ್ಳಿ. ಆಗ ಆ 16 ಬೂದಾಗಿ ಕಾಣುತ್ತದೆ. ನನ್ನ ಗುಹೆಗೆ ಆಗಿದ್ದು ಇದೇ. ತಿರುಗುಮುರುಗಾದರೆ 16ಕ್ಕಿಂತ ಕೆಳಗಿನದೆಲ್ಲ ಒಂದೇ ಮಸಿಯಲ್ಲಿ ಮುಳುಗುತ್ತದೆ. ತಮಾಷೆ ಅಂದರೆ ಈ ಎರಡನೇ ತಪ್ಪು ಮೊದಲ ನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಕಪ್ಪು ಗಾಢವಾಗಿದೆ ಅಂತ ಖುಷಿಪಡುತ್ತೇವೆ. ಮೂಲೆಯಲ್ಲಿ ನಿಂತ ಶತ್ರು ಮಾತ್ರ ಕಾಣುವುದಿಲ್ಲ.

ಹಳೇ ಕನ್ಸೋಲ್‌ಗಳಲ್ಲಿ ಟಿವಿಯ ಪಾಲು ಇನ್ನೂ ಜಾಸ್ತಿ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಮ್‌ನ ಚಿತ್ರ ಅಡ್ಡಕ್ಕೆ 256, ಉದ್ದಕ್ಕೆ 240 ಪಿಕ್ಸೆಲ್. ಅಷ್ಟೇ. ಅದು ಪಿಕ್ಚರ್ ಟ್ಯೂಬ್ ಟಿವಿಗಳ ಕಾಲ. ಟ್ಯೂಬಿನ ಹಿಂಭಾಗದಿಂದ ಎಲೆಕ್ಟ್ರಾನ್‌ಗಳ ಕಿರಣ ಹೊರಟು ಪರದೆಯ ಒಳಮೈಗೆ ಬಡಿಯುತ್ತದೆ. ಬಡಿದ ಕಡೆ ರಾಸಾಯನಿಕ ಲೇಪ ಮಿನುಗುತ್ತದೆ. ಹೀಗೆ ಗೆರೆ ಗೆರೆಯಾಗಿ ಚಿತ್ರ ಮೂಡುತ್ತದೆ. ಜಪಾನ್ ಮತ್ತು ಅಮೆರಿಕದ ಪದ್ಧತಿಯಲ್ಲಿ ಕಾಣುವ ಗೆರೆಗಳು ಸುಮಾರು 480. ಆದರೆ ಕಿರಣ ಒಂದೇ ಸಲಕ್ಕೆ ಎಲ್ಲವನ್ನೂ ಎಳೆಯುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಬಿಟ್ಟುಹೋದ ಗೆರೆಗಳು. ಇಂಥ ಓಟ ಸೆಕೆಂಡಿಗೆ 60. ಆಗಿನ ಕನ್ಸೋಲ್‌ಗಳು ಇಲ್ಲೊಂದು ಉಪಾಯ ಮಾಡಿದವು. ಪ್ರತಿ ಓಟದಲ್ಲೂ ಅದೇ 240 ಗೆರೆಗಳ ಮೇಲೆಯೇ ಬರೆಸಿದವು. ನಡುವಿನ ಜಾಗ ಕಪ್ಪಾಗಿಯೇ ಉಳಿಯಿತು. ಹಳೇ ಆಟಗಳ ಅಭಿಮಾನಿಗಳು ಇವತ್ತಿಗೂ ಮೆಚ್ಚಿ ಮಾತಾಡುವ ಸ್ಕ್ಯಾನ್‌ಲೈನ್ ಅಂದರೆ ಇದೇ.

ಆಟದ ಕಲಾವಿದರೂ ಇಂಥ ಟಿವಿಯನ್ನು ಲೆಕ್ಕಕ್ಕೆ ಹಿಡಿದೇ ಕೆಲಸ ಮಾಡಿದರು. ಸೆಗಾ ಮೆಗಾ ಡ್ರೈವ್‌ಗೆ 1991ರಲ್ಲಿ ಬಂದ ಸೋನಿಕ್ ಆಟದ ಜಲಪಾತವನ್ನು ನೋಡಿ. ಆ ಯಂತ್ರಕ್ಕೆ ಗೊತ್ತಿದ್ದದ್ದು ಒಟ್ಟು 512 ಬಣ್ಣ, ಒಮ್ಮೆಗೆ ತೋರಿಸುತ್ತಿದ್ದದ್ದು ಸಾಮಾನ್ಯವಾಗಿ 61. ಒಂದು ಚಿತ್ರದ ಹಿಂದಿನದು ಇನ್ನೊಂದರ ಮೂಲಕ ಅರೆಬರೆ ಕಾಣುವಂತೆ ಮಾಡುವ ಸುಲಭ ದಾರಿ ಅದರಲ್ಲಿರಲಿಲ್ಲ. ಹಾಗಾಗಿ ನೀರನ್ನು ಒಂದು ಬಿಟ್ಟು ಒಂದು ಉದ್ದ ಪಟ್ಟಿಯಾಗಿ ಬರೆದರು. ಒಂದು ಸಾಲು ನೀರು, ಪಕ್ಕದ ಸಾಲು ಖಾಲಿ. ಬೆಳಕಿನ ಮಾಹಿತಿಯೂ ಬಣ್ಣದ ಮಾಹಿತಿಯೂ ಒಂದೇ ತಂತಿಯಲ್ಲಿ ಬೆರೆತು ಹೋಗುವ ಆಗಿನ ಜೋಡಣೆಯಲ್ಲಿ ಅಷ್ಟು ಸಣ್ಣ ಪಟ್ಟಿಗಳು ಬೇರೆ ಬೇರೆ ಉಳಿಯುತ್ತಿರಲಿಲ್ಲ. ಒಂದರೊಳಗೊಂದು ಕಲಸಿ, ಹಿಂದಿನ ಬಂಡೆ ತೋರುವ ತಿಳಿ ನೀರಾಗುತ್ತಿತ್ತು. ಅದೇ ಆಟವನ್ನು ಈಗಿನ ಟಿವಿಯಲ್ಲಿ ಶುದ್ಧ ಡಿಜಿಟಲ್ ಜೋಡಣೆಯಲ್ಲಿ ನೋಡಿ. ನೀರಿನ ಜಾಗದಲ್ಲಿ ಕಿಟಕಿಯ ಸರಳು ಕಾಣುತ್ತದೆ! ಚಿತ್ರ ಸ್ಪಷ್ಟವಾಗಿದೆ, ಆದರೆ ಜಲಪಾತ ಹೋಗಿದೆ. "ಕ್ವಾಲಿಟಿ" ಅನ್ನುವ ಪದವನ್ನು ಇಲ್ಲಿ ಎಲ್ಲಿ ಇಡಬೇಕೋ ನನಗಂತೂ ಗೊತ್ತಾಗುವುದಿಲ್ಲ.

ಇನ್ನೊಂದು ಎಡವಟ್ಟೂ ಇದೆ. ಹಳೇ ಕನ್ಸೋಲಿನ 240 ಗೆರೆಗಳ ಉಪಾಯ ಕೆಲವು ಹೊಸ ಟಿವಿಗಳಿಗೆ ತಿಳಿಯುವುದೇ ಇಲ್ಲ. ಬಂದದ್ದು ಅರ್ಧರ್ಧ ಚಿತ್ರ ಅಂದುಕೊಂಡು ಎರಡೆರಡನ್ನು ಹೊಲಿಯಲು ಹೋಗುತ್ತವೆ. ಪೆಟ್ಟು ತಿಂದ ನಾಯಕ ಮಿಣ ಮಿಣ ಮಿನುಗಬೇಕಾದ ಕಡೆ ಗೆರೆ ಗೆರೆಯಾಗಿ ಸೀಳಿಹೋಗುತ್ತಾನೆ, ಇಲ್ಲವೇ ಪೂರ್ತಿ ಮಾಯವಾಗುತ್ತಾನೆ.

ಹಿಗ್ಗಿಸುವ ಲೆಕ್ಕವೂ ಮಜವಾಗಿದೆ. ಫುಲ್ ಎಚ್‌ಡಿ ಟಿವಿಯಲ್ಲಿ 1080 ಸಾಲು. ಅದನ್ನು 240ರಿಂದ ಭಾಗಿಸಿದರೆ ನಾಲ್ಕೂವರೆ. ಅರ್ಧ ಪಿಕ್ಸೆಲ್ ಅನ್ನುವುದು ಇಲ್ಲವಲ್ಲ! ಹಾಗಾಗಿ ಒಂದು ಸಾಲು ನಾಲ್ಕರಷ್ಟು ದಪ್ಪ, ಪಕ್ಕದ್ದು ಐದರಷ್ಟು. ಇಲ್ಲವೇ ಅಂಚುಗಳನ್ನು ಕಲಸಿ ಮಸುಕು ಮಾಡಬೇಕು. 4ಕೆ ಟಿವಿಯ 2160 ಸಾಲಿಗೆ 240 ಸರಿಯಾಗಿ ಒಂಬತ್ತು ಸಲ ಕೂರುತ್ತದೆ. ಅಂದರೆ 1983ರ ಯಂತ್ರಕ್ಕೆ ಫುಲ್ ಎಚ್‌ಡಿಗಿಂತ 4ಕೆ ಒಳ್ಳೇ ಜೋಡಿ.

ಹೊಸ ಕನ್ಸೋಲ್‌ಗಳ ಜಗಳ ಬೇರೆ ಥರ. 2013ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಒಟ್ಟಿಗೇ ಬಂದವು. ಕಾಲ್ ಆಫ್ ಡ್ಯೂಟಿ ಸರಣಿಯ ಆ ವರ್ಷದ ಆಟ ಒಂದರಲ್ಲಿ 1080 ಸಾಲಿನ ಚಿತ್ರ ಕೊಟ್ಟರೆ ಇನ್ನೊಂದರಲ್ಲಿ 720. ಪಿಕ್ಸೆಲ್ ಎಣಿಸಿದರೆ ಎರಡೂಕಾಲು ಪಟ್ಟು ವ್ಯತ್ಯಾಸ. ಅಭಿಮಾನಿಗಳು ಬೈದಾಡಿಕೊಂಡರು. ಆದರೆ ಅವರು ಎಷ್ಟು ದೂರದಲ್ಲಿ ಕೂತು ಆಡುತ್ತಿದ್ದರು ಅಂತ ಯಾರೂ ಕೇಳಲಿಲ್ಲ.

ಆರೋಗ್ಯವಂತ ಕಣ್ಣು ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಗುರುತಿಸುತ್ತದೆ ಅಂತ ಲೆಕ್ಕ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. 720 ಸಾಲಿನ ಚಿತ್ರದಲ್ಲಿ ಒಂದು ಪಿಕ್ಸೆಲ್ ಹೆಚ್ಚು ಕಡಿಮೆ ಒಂದು ಮಿಲಿಮೀಟರ್. 3.3 ಮೀಟರಿಗಿಂತ ಹಿಂದೆ ಕೂತರೆ ಆ ಪಿಕ್ಸೆಲ್ಲೇ ಬಿಡಿಯಾಗಿ ಕಾಣುವುದಿಲ್ಲ. ಅದಕ್ಕಿಂತ ಸಣ್ಣದು ಕಂಡೀತೇ? ಇನ್ನು 1080 ಮತ್ತು 4ಕೆ ನಡುವಿನ ಭೇದ ಇದೇ ಟಿವಿಯಲ್ಲಿ ಸುಮಾರು 2.2 ಮೀಟರಿಗೇ ಮುಗಿಯುತ್ತದೆ. ಒಂದು ಮಾತು ಸೇರಿಸಬೇಕು. ಮೆಟ್ಟಿಲು ಮೆಟ್ಟಿಲಾದ ಓರೆ ಗೆರೆ ಓಡಾಡುವಾಗ ಹರಿದಾಡಿದಂತೆ ಕಾಣುತ್ತದಲ್ಲ, ಅದು ಇನ್ನೂ ದೂರದಿಂದಲೂ ಕಣ್ಣಿಗೆ ಚುಚ್ಚುತ್ತದೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಕೂಡ ಎಷ್ಟೋ ಆಟಗಳನ್ನು ಒಳಗೆ ಕಡಿಮೆ ಪಿಕ್ಸೆಲ್ಲಿನಲ್ಲಿ ಬರೆದು, ಆಮೇಲೆ ಹಿಗ್ಗಿಸಿಯೇ 4ಕೆ ಅಂತ ಕಳಿಸುತ್ತವೆ.

ನಿಂತ ಚಿತ್ರ ಹೋಲಿಸಿ ಸುಮ್ನೆ ಆಗುವವರಿಗೆ ಚಲನೆಯ ವಿಷಯ ಗೊತ್ತೇ ಆಗುವುದಿಲ್ಲ. ಪಿಕ್ಚರ್ ಟ್ಯೂಬಿನಲ್ಲಿ ಪ್ರತಿ ಚುಕ್ಕೆ ಫಳಕ್ಕನೆ ಮಿಂಚಿ ಆರುತ್ತಿತ್ತು. ಎಲ್‌ಸಿಡಿ, ಒಎಲ್‌ಇಡಿ ಹಾಗಲ್ಲ. ಒಂದು ಫ್ರೇಮನ್ನು, ಅಂದರೆ ಒಂದು ಬಿಡಿ ಚಿತ್ರವನ್ನು, ಮುಂದಿನದು ಬರುವವರೆಗೂ ಹಿಡಿದಿಟ್ಟುಕೊಳ್ಳುತ್ತವೆ. ಓಡುವ ಕಾರನ್ನು ನಮ್ಮ ಕಣ್ಣು ಹಿಂಬಾಲಿಸುತ್ತಲೇ ಇರುತ್ತದೆ, ಚಿತ್ರ ಮಾತ್ರ ನಿಂತಿರುತ್ತದೆ. ಆ ಎಳೆದಾಟವೇ ಮಸುಕು. ಸೆಕೆಂಡಿಗೆ 960 ಪಿಕ್ಸೆಲ್ ಸರಿಯುವ ವಸ್ತು ಸೆಕೆಂಡಿಗೆ 60 ಫ್ರೇಮಿನಲ್ಲಿ 16 ಪಿಕ್ಸೆಲ್‌ನಷ್ಟು ಬಳಿದುಕೊಳ್ಳುತ್ತದೆ. 120 ಫ್ರೇಮಿನಲ್ಲಾದರೆ 8. ನನ್ನನ್ನು ಕೇಳಿದರೆ, ಓಟದ ಆಟಗಳಲ್ಲಿ 4ಕೆಗಿಂತ 120 ಫ್ರೇಮ್ ದೊಡ್ಡ ಲಾಭ.

ಕೊನೆಗೆ ತಡ. ಚಿತ್ರ ಚೆಂದ ಮಾಡಲು ಟಿವಿ ಸಮಯ ತೆಗೆದುಕೊಳ್ಳುತ್ತದೆ. ಗೇಮ್ ಮೋಡ್ ಹಾಕದಿದ್ದರೆ ಕೆಲವು ಟಿವಿಗಳಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡವಾಗಬಹುದು. ಅಂದರೆ ಸೆಕೆಂಡಿಗೆ 60ರ ಲೆಕ್ಕದಲ್ಲಿ ಆರು ಫ್ರೇಮ್. ಬಹಳಷ್ಟು ಆಟಗಳಿಗೆ ಇದು ಕಿರಿಕಿರಿ ಅಷ್ಟೇ. ಬಂದೂಕು ಹಿಡಿದು ಆಡುವ ಹಳೇ ಆಟಗಳಿಗೆ ಮಾತ್ರ ಸಾವು. 1984ರ ನಿಂಟೆಂಡೋ ಡಕ್ ಹಂಟ್‌ನಲ್ಲಿ ಟಿವಿಯ ಕಡೆ ಬಂದೂಕು ಹಿಡಿದು ಬಾತುಕೋಳಿ ಹೊಡೆಯಬೇಕು. ಬಂದೂಕಿನಿಂದ ಏನೂ ಹೊರಡುವುದಿಲ್ಲ, ಅದರ ಬಾಯಲ್ಲಿರುವುದು ಬೆಳಕು ಗುರುತಿಸುವ ಸಾಧನ. ಕುದುರೆ ಎಳೆದ ತಕ್ಷಣ ಪರದೆ ಕಪ್ಪಾಗುತ್ತದೆ, ಮರುಕ್ಷಣ ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಸರಿಯಾಗಿ ಆ ಫ್ರೇಮಿನಲ್ಲೇ ಬಂದೂಕಿಗೆ ಬೆಳಕು ಕಂಡರೆ ಗುರಿ ಮುಟ್ಟಿತು. ಹೊಸ ಟಿವಿಯಲ್ಲಿ ಆ ಚೌಕ ಬರುವ ಹೊತ್ತಿಗೆ ಕನ್ಸೋಲ್ ಕಾದು ಮುಗಿಸಿರುತ್ತದೆ. ನೀವು ಪರದೆಗೆ ಬಂದೂಕು ತಾಗಿಸಿಯೇ ಹೊಡೆಯಿರಿ, ಹಕ್ಕಿ ಹಾರಿಹೋಗುತ್ತದೆ. ಹುಲ್ಲಿನ ಮರೆಯಿಂದ ನಾಯಿ ಎದ್ದು ನಗುತ್ತದೆ.