ಮಿತಿ ಹಾಕುವ ಕೀಲಿ ಯಾರ ಕೈಯಲ್ಲಿದೆ?

ಮೊದಲು ಒಂದು ಲೆಕ್ಕ ಹಾಕೋಣ. ಕಂಪನಿಗಳ ಡೇಟಾ ಇಟ್ಟುಕೊಂಡು ಅದರ ಮೇಲೆ ಲೆಕ್ಕ ಮಾಡಿಕೊಡುವ ಕ್ಲೌಡ್ ಸೇವೆ ಸ್ನೋಫ್ಲೇಕ್. ಅಲ್ಲಿ ಲೆಕ್ಕ ಮಾಡುವ ಯಂತ್ರಬಲಕ್ಕೆ ವೇರ್‌ಹೌಸ್ ಅಂತಾರೆ, ಬಿಲ್ಲಿನ ಅಳತೆಗೆ ಕ್ರೆಡಿಟ್ ಅಂತಾರೆ. ಲಾರ್ಜ್ ಸೈಜಿನ ಒಂದು ವೇರ್‌ಹೌಸ್ ಗಂಟೆಗೆ 8 ಕ್ರೆಡಿಟ್ ತಿನ್ನುತ್ತದೆ. ಹತ್ತು ನಿಮಿಷ ಕೆಲಸ ಇಲ್ಲದಿದ್ದರೆ ತಾನಾಗಿಯೇ ನಿಲ್ಲಲಿ ಅಂತ ಆಟೋ ಸಸ್ಪೆಂಡ್ ಇಟ್ಟಿದ್ದೀರಿ. ಶುಕ್ರವಾರ ಸಂಜೆ 6ಕ್ಕೆ ಯಾರೋ ಅಂಕಿ ಅಂಶ ತೋರಿಸುವ ಒಂದು ಡ್ಯಾಶ್‌ಬೋರ್ಡನ್ನು ಐದು ನಿಮಿಷಕ್ಕೊಮ್ಮೆ ರಿಫ್ರೆಶ್ ಆಗುವಂತೆ ಮಾಡಿ ಮನೆಗೆ ಹೋದರು. ಹೊಸ ಡೇಟಾ ಬರುತ್ತಲೇ ಇದೆ. ಹಾಗಾಗಿ ಆ ವೇರ್‌ಹೌಸಿಗೆ ಕಣ್ಣು ಮುಚ್ಚಲು ಪುರುಸೊತ್ತೇ ಇಲ್ಲ. ಸೋಮವಾರ ಬೆಳಿಗ್ಗೆ 9ಕ್ಕೆ ಲೆಕ್ಕ ಮಾಡಿದರೆ 63 ಗಂಟೆ, 504 ಕ್ರೆಡಿಟ್. ಕ್ರೆಡಿಟ್ಟಿಗೆ 3 ಡಾಲರ್ ಹಿಡಿದರೆ 1,512 ಡಾಲರ್. ಅಷ್ಟು ಹೊತ್ತೂ ಆ ಡ್ಯಾಶ್‌ಬೋರ್ಡನ್ನು ಯಾರೂ ತೆರೆದು ನೋಡಿಲ್ಲ.

ಇಲ್ಲಿ ಯಾರು ತಪ್ಪು ಮಾಡಿದರು? ಡ್ಯಾಶ್‌ಬೋರ್ಡ್ ಮಾಡಿದವರು ತಮ್ಮ ಕೆಲಸ ಮಾಡಿದರು. ವೇರ್‌ಹೌಸ್ ಮಾಡಿದವರು ಆಟೋ ಸಸ್ಪೆಂಡ್ ಇಟ್ಟಿದ್ದರು. ಇಲ್ಲದೇ ಹೋದದ್ದು ಒಂದು ಮಿತಿ. ಅದನ್ನು ಹಾಕುವ ಅಧಿಕಾರ ಈ ಇಬ್ಬರಿಗೂ ಇರಲಿಲ್ಲ.

ಹಿಂದೆ ಹೀಗಿರಲಿಲ್ಲ. ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಮೊದಲ ಸಲ ತೋರಿಸಿದರು. ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ಏರ್ಪಾಡು ಅದು. ಅಲ್ಲಿ ಪ್ರತಿಯೊಬ್ಬರಿಗೂ ಇಷ್ಟು ಸಮಯ, ಇಷ್ಟು ಜಾಗ ಅಂತ ಪಾಲು ಹಂಚುತ್ತಿದ್ದರು. ಇದ್ದದ್ದು ಒಂದೇ ಯಂತ್ರ, ಹಂಚಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಆಮೇಲೆ ಕಂಪನಿಗಳು ಸ್ವಂತ ಸರ್ವರ್ ಕೊಂಡಾಗಲೂ ಅಷ್ಟೇ. ಕೆಟ್ಟ ಕ್ವೆರಿ, ಅಂದರೆ ಡೇಟಾಕ್ಕೆ ಹಾಕುವ ಪ್ರಶ್ನೆ, ಓಡಿಸಿದರೆ ಸರ್ವರ್ ನಿಧಾನವಾಗುತ್ತಿತ್ತು, ಪಕ್ಕದ ಮೇಜಿನವರು ಬೈಯುತ್ತಿದ್ದರು. ಖರ್ಚು ಮಾತ್ರ ಒಂದು ರೂಪಾಯಿಯೂ ಏರುತ್ತಿರಲಿಲ್ಲ. ಯಂತ್ರವೇ ಗೋಡೆಯ ಹಾಗೆ ನಿಂತಿತ್ತು.

ಆ ಗೋಡೆ ಬಿದ್ದದ್ದು 2006ರಲ್ಲಿ. ಆ ವರ್ಷ ಅಮೆಜಾನ್ ಮಾರ್ಚ್‌ನಲ್ಲಿ ಡೇಟಾ ಇಡುವ ಸೇವೆ ಎಸ್3 ತಂದಿತು, ಆಗಸ್ಟ್‌ನಲ್ಲಿ ಸರ್ವರ್ ಬಾಡಿಗೆಗೆ ಕೊಡುವ ಇಸಿ2. ಒಂದು ಗಿಗಾಬೈಟ್ ಇಡಲು ತಿಂಗಳಿಗೆ 15 ಸೆಂಟ್, ಒಂದು ಸರ್ವರ್ ಓಡಿಸಲು ಗಂಟೆಗೆ 10 ಸೆಂಟ್. ಬಳಸಿದಷ್ಟಕ್ಕೆ ಮಾತ್ರ ದುಡ್ಡು. ಇದು ನಿಜಕ್ಕೂ ದೊಡ್ಡ ಉಪಕಾರ. ಸರ್ವರ್ ಕೊಳ್ಳಲು ದುಡ್ಡಿಲ್ಲದವರೂ ಕಂಪನಿ ಶುರು ಮಾಡಬಹುದಾಯಿತು. ಆದರೆ ಮೀಟರ್ ಬಂತು, ಫ್ಯೂಸ್ ಬರಲಿಲ್ಲ.

ಡೇಟಾ ಲೋಕದಲ್ಲಿ ಇದರ ಬಿಸಿ ಜಾಸ್ತಿ ತಟ್ಟಿತು. ಗೂಗಲ್ 2012ರಲ್ಲಿ, ದೊಡ್ಡ ಡೇಟಾದ ಮೇಲೆ ಕ್ವೆರಿ ಓಡಿಸುವ ತನ್ನ ಸೇವೆ ಬಿಗ್‌ಕ್ವೆರಿಯನ್ನು ಎಲ್ಲರಿಗೂ ತೆರೆಯಿತು. ಅಲ್ಲಿ ಬಿಲ್ ಬರುವುದು ಕ್ವೆರಿ ಎಷ್ಟು ಡೇಟಾ ಓದಿತು ಎಂಬುದರ ಮೇಲೆ. ಮೊದಲು ಟೆರಾಬೈಟಿಗೆ 35 ಡಾಲರ್ ಇತ್ತು, 2014ರಲ್ಲಿ 5 ಡಾಲರಿಗೆ ಇಳಿಯಿತು. ಹೊಸಬರು ಇಲ್ಲಿ ಒಂದು ಕಡೆ ಖಂಡಿತ ಎಡವುತ್ತಾರೆ. ‘ಸುಮ್ನೆ ಹತ್ತು ಸಾಲು ನೋಡೋಣ’ ಅಂತ ಕೊನೆಗೆ ಲಿಮಿಟ್ 10 ಬರೆಯುತ್ತಾರೆ. ತೆರೆಯ ಮೇಲೆ ಹತ್ತೇ ಸಾಲು ಬರುತ್ತದೆ. ಆದರೆ ಸಾಮಾನ್ಯ ಟೇಬಲ್‌ನಲ್ಲಿ ಕೇಳಿದ ಕಾಲಂಗಳನ್ನೆಲ್ಲ ಪೂರ್ತಿ ಓದಿದ ಲೆಕ್ಕ ಬಿಲ್ಲಿಗೆ ಸೇರುತ್ತದೆ. ಲಿಮಿಟ್ ಎಂಬ ಪದ ಇದ್ದರೂ ಅದು ಖರ್ಚಿನ ಮಿತಿ ಅಲ್ಲ. ಓಡಿಸುವ ಮುಂಚೆ ಡ್ರೈ ರನ್ ಮಾಡಿದರೆ ಎಷ್ಟು ಓದುತ್ತದೆ ಅಂತ ಬಿಟ್ಟಿಯಾಗಿ ಗೊತ್ತಾಗುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಇದೇ ಹೊತ್ತಿನಲ್ಲಿ ಇನ್ನೊಂದು ತೊಡಕು ಬೆಳೆಯಿತು. ಒಂದೊಂದು ತಂಡವೂ ತನ್ನದೇ ಕ್ಲೌಡ್ ಅಕೌಂಟ್ ತೆರೆಯತೊಡಗಿತು. ಟೆಸ್ಟಿಂಗ್‌ಗೆ ಒಂದು, ಪ್ರೊಡಕ್ಷನ್‌ಗೆ ಒಂದು, ಕೆಲಸ ಬಿಟ್ಟು ಹೋದವರ ಹೆಸರಿನಲ್ಲಿ ಒಂದು. ಅಮೆಜಾನ್ 2010ರಲ್ಲಿ ಎಲ್ಲ ಅಕೌಂಟುಗಳ ಬಿಲ್ಲನ್ನು ಒಂದೇ ಕಡೆ ತರುವ ಸೌಲಭ್ಯ ಕೊಟ್ಟಿತು. ಬಿಲ್ಲೇನೋ ಒಂದಾಯಿತು, ಹಿಡಿತ ಒಂದಾಗಲಿಲ್ಲ. ಯಾವ ಅಕೌಂಟ್ ಏನು ಮಾಡಬಹುದು ಅಂತ ಮೇಲಿನಿಂದಲೇ ಹೇಳುವ ‘ಆರ್ಗನೈಸೇಷನ್ಸ್’ ಎಲ್ಲರಿಗೂ ಸಿಕ್ಕಿದ್ದು 2017ರಲ್ಲಿ. ನಡುವೆ ಏಳು ವರ್ಷ.

ಸ್ನೋಫ್ಲೇಕ್ ಕತೆಯೂ ಹೀಗೇ ಸಾಗಿತು. 2012ರಲ್ಲಿ ಹುಟ್ಟಿದ ಈ ಕಂಪನಿ ಡೇಟಾ ಇಡುವುದನ್ನೂ ಅದರ ಮೇಲೆ ಲೆಕ್ಕ ಮಾಡುವುದನ್ನೂ ಬೇರೆ ಬೇರೆ ಮಾಡಿತು. ಬೇಕಾದಾಗ ವೇರ್‌ಹೌಸ್ ದೊಡ್ಡದು ಮಾಡಬಹುದು. ಒಂದೊಂದು ಸೈಜ್ ಮೇಲೇರಿದಾಗಲೂ ಖರ್ಚು ಎರಡರಷ್ಟು: ಗಂಟೆಗೆ 1, 2, 4, 8, 16 ಕ್ರೆಡಿಟ್. ಮಿತಿಗಾಗಿ ರಿಸೋರ್ಸ್ ಮಾನಿಟರ್ ಇದೆ. ಇಷ್ಟು ಕ್ರೆಡಿಟ್ ದಾಟಿದರೆ ಎಚ್ಚರಿಸು, ಓಡುತ್ತಿರುವ ಕ್ವೆರಿ ಮುಗಿದ ಮೇಲೆ ನಿಲ್ಲಿಸು, ಇಲ್ಲವೇ ಈಗಲೇ ನಿಲ್ಲಿಸು ಅಂತ ಅದಕ್ಕೆ ಹೇಳಬಹುದು. ಒಳ್ಳೆಯ ಸಾಧನ. ಆದರೆ ಅದು ತಾನಾಗಿ ಇರುವುದಿಲ್ಲ, ಯಾರಾದರೂ ಮಾಡಬೇಕು. ಮಾಡುವ ಅಧಿಕಾರ ಇರುವುದು ಅಕೌಂಟ್‌ಅಡ್ಮಿನ್ ರೋಲ್‌ಗೆ, ಅಂದರೆ ಇಡೀ ಅಕೌಂಟಿನ ಹಿಡಿತ ಇರುವವರಿಗೆ. ಎಚ್ಚರಿಕೆ ಮೇಲ್ ಬರಬೇಕಾದರೂ ಆ ಅಡ್ಮಿನ್ ತನ್ನ ಪ್ರೊಫೈಲಿನಲ್ಲಿ ನೋಟಿಫಿಕೇಶನ್ ಆನ್ ಮಾಡಿರಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ವೇರ್‌ಹೌಸುಗಳನ್ನು ದಿನವೂ ನೋಡಿಕೊಳ್ಳುವ ಹುಡುಗಿ ಬೆಂಗಳೂರಿನಲ್ಲಿ ಕೂತಿರುತ್ತಾಳೆ. ಅಡ್ಮಿನ್ ಕೀಲಿ ಕ್ಯಾಲಿಫೋರ್ನಿಯಾದ ಯಾರದೋ ಕೈಯಲ್ಲಿರುತ್ತದೆ. ಖರ್ಚು ಏರುವುದು ಕಣ್ಣಿಗೆ ಕಾಣುವುದು ಅವಳಿಗೆ, ಮಿತಿ ಹಾಕುವ ಅಧಿಕಾರ ಇನ್ನೊಬ್ಬರಿಗೆ. ಅಷ್ಟು ದೊಡ್ಡ ಅಧಿಕಾರವನ್ನು ಎಲ್ಲರಿಗೂ ಹಂಚುವುದು ಅಪಾಯ, ಒಪ್ಪುತ್ತೇನೆ. ಆದರೆ ಒಮ್ಮೆ ಮಾಡಿಟ್ಟ ಮಾನಿಟರನ್ನು ನೋಡುವ, ತಿದ್ದುವ ಅನುಮತಿಯನ್ನು ಬೇರೆ ರೋಲ್‌ಗೂ ಕೊಡಬಹುದು. ಅದನ್ನಾದರೂ ಕೊಡಿ.

ಇನ್ನೂ ಎರಡು ಕಂಡಿಗಳಿವೆ. ಒಂದು ರಿಸೋರ್ಸ್ ಮಾನಿಟರ್ ಒಂದೇ ಅಕೌಂಟಿನೊಳಗೆ ಕೆಲಸ ಮಾಡುತ್ತದೆ. ಸಂಸ್ಥೆಗೆ ಹತ್ತು ಅಕೌಂಟ್ ಇದ್ದರೆ ಹತ್ತು ಕಡೆಯೂ ಹಾಕಬೇಕು. ಜೊತೆಗೆ ಅದು ಕಾಯುವುದು ವೇರ್‌ಹೌಸುಗಳನ್ನು ಮಾತ್ರ. ನಿಮ್ಮ ವೇರ್‌ಹೌಸ್ ಇಲ್ಲದೆಯೇ ಓಡುವ ಸರ್ವರ್‌ಲೆಸ್ ಕೆಲಸಗಳು, ಎಐ ಸೇವೆಗಳು ಅದರ ಕೈಗೆ ಸಿಗುವುದಿಲ್ಲ. ಅವುಗಳಿಗೆ ಆಮೇಲೆ ಬಂದ ಬಜೆಟ್ ಸೌಲಭ್ಯ ಬೇರೆಯೇ ಇದೆ.

ಹಾಗಿದ್ದರೆ ಕ್ಲೌಡ್ ಕಂಪನಿಗಳು ಮೊದಲೇ ಗಟ್ಟಿ ಗೋಡೆ ಯಾಕೆ ಕಟ್ಟಲಿಲ್ಲ? ಬಿಲ್ ಏರಿದರೆ ಅವರಿಗೇ ಲಾಭ ಅನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ, ಆದರೆ ಅದೊಂದೇ ಕಾರಣವಲ್ಲ. ನಿಲ್ಲಿಸುವುದರಿಂದಲೂ ನಷ್ಟವಿದೆ. ಆಸ್ಪತ್ರೆಯ ವರದಿ ತಯಾರಾಗುವ ಹೊತ್ತಿಗೆ ಮಿತಿ ಮುಗಿದರೆ? ಇಟ್ಟ ಡೇಟಾಕ್ಕೂ ಬಾಡಿಗೆ ಓಡುತ್ತಿರುತ್ತದೆ, ಖರ್ಚು ಪೂರ್ತಿ ನಿಲ್ಲಬೇಕಾದರೆ ಅದನ್ನು ಅಳಿಸಬೇಕಾಗುತ್ತದೆ. ಅದಕ್ಕೇ ಗೂಗಲ್ ಕ್ಲೌಡ್‌ನಲ್ಲಿ ಬಜೆಟ್ ಇಟ್ಟರೂ ಬರುವುದು ಎಚ್ಚರಿಕೆ ಮಾತ್ರ, ಸೇವೆ ತಾನಾಗಿ ನಿಲ್ಲುವುದಿಲ್ಲ. ಪಾಠ ಕಲಿಯುವ ವಿದ್ಯಾರ್ಥಿಯ ಅಕೌಂಟಿಗೂ ದೊಡ್ಡ ಬ್ಯಾಂಕಿನ ಅಕೌಂಟಿಗೂ ಒಂದೇ ನಿಯಮ ಮಾಡಿದ್ದು ಮಾತ್ರ ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಗಾಳಿ ಈಗ ಸ್ವಲ್ಪ ತಿರುಗಿದೆ. 2024ರಲ್ಲಿ ಒಬ್ಬ ಡೆವಲಪರ್ ಎಸ್3ಯಲ್ಲಿ ಡೇಟಾ ಇಡಲು ತೆರೆದಿದ್ದ ಖಾಲಿ ಬಕೆಟಿಗೆ ಹೊರಗಿನ ಯಾರಯಾರದೋ ಕೋರಿಕೆಗಳು ಸುರಿದು 1,300 ಡಾಲರ್ ಬಿಲ್ ಬಂತು. ಅನುಮತಿಯಿಲ್ಲದೆ ತಿರಸ್ಕಾರವಾದ ಕೋರಿಕೆಗೂ ಬಿಲ್ ಹಾಕುತ್ತಿದ್ದರು! ಜನ ಕೇಳಿದರು, ಅಮೆಜಾನ್ ಕೆಲವೇ ವಾರಗಳಲ್ಲಿ ಆ ನಿಯಮ ಬದಲಿಸಿತು. 2025ರ ಸೆಪ್ಟೆಂಬರ್‌ನಿಂದ ಬಿಗ್‌ಕ್ವೆರಿಯ ಹೊಸ ಪ್ರಾಜೆಕ್ಟುಗಳಿಗೆ ದಿನಕ್ಕೆ 200 ಟೆರಾಬೈಟ್ ಮಿತಿ ತಾನಾಗಿಯೇ ಬರುತ್ತಿದೆ. ಅದಕ್ಕೆ ಮುಂಚೆ ನಾವಾಗಿ ಹಾಕದಿದ್ದರೆ ಮಿತಿಯೇ ಇರಲಿಲ್ಲ. ಅಮೆರಿಕದ ಈಗಿನ ದರ ಟೆರಾಬೈಟಿಗೆ 6.25 ಡಾಲರ್. ಅಂದರೆ ದಿನಕ್ಕೆ 1,250 ಡಾಲರ್. ಸಣ್ಣ ತಂಡಕ್ಕೆ ಇದೂ ಜಾಸ್ತಿಯೇ. ಪ್ರಾಜೆಕ್ಟ್ ತೆರೆದ ದಿನವೇ ಕೋಟಾ ಪುಟಕ್ಕೆ ಹೋಗಿ ಅದನ್ನು ಒಂದೆರಡು ಟೆರಾಬೈಟಿಗೆ ಇಳಿಸಿ. ಒಬ್ಬೊಬ್ಬ ಬಳಕೆದಾರರಿಗೆ ದಿನಕ್ಕೆ ಇಷ್ಟು ಅಂತ ಇನ್ನೊಂದು ಮಿತಿ ಹಾಕುವ ಜಾಗವೂ ಅಲ್ಲೇ ಇದೆ.